ಐಪಾಡ್ ಹ್ಯಾಂಗ್ ಆಗಿದೆಯಾ? ರಿಸ್ಟೋರ್‌ಗೆ ಮಾತ್ರ ಅವಸರ ಬೇಡ

ಪ್ರಶ್ನೆ: ಅಪ್ಪನ ಹಳೆಯ ಐಪಾಡ್ ಕ್ಲಾಸಿಕ್ ಹಾಡಿನ ಮಧ್ಯೆ ನಿಂತುಬಿಟ್ಟಿದೆ. ಪರದೆ ಮೇಲೆ ಹಾಡಿನ ಹೆಸರು ಹಾಗೇ ಇದೆ, ಯಾವ ಬಟನ್ನೂ ಕೆಲಸ ಮಾಡುತ್ತಿಲ್ಲ. ಅಂಗಡಿಯವರು ರಿಸ್ಟೋರ್ ಮಾಡಬೇಕು ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಜನ ನನ್ನನ್ನು ಕೇಳುವ ಹೊತ್ತಿಗೆ ರಿಸ್ಟೋರ್ ಮಾಡಿಸಿ ಆಗಿರುತ್ತದೆ. ಸಿಟ್ಟು ಬರುವುದು ಅದಕ್ಕೇ. ರಿಸೆಟ್ ಬೇರೆ, ರಿಸ್ಟೋರ್ ಬೇರೆ. ರಿಸೆಟ್‌ನಲ್ಲಿ ಯಂತ್ರ ಆಫ್ ಆಗಿ ಆನ್ ಆಗುತ್ತದೆ, ಹಾಡು ಎಲ್ಲೂ ಹೋಗುವುದಿಲ್ಲ. ರಿಸ್ಟೋರ್ ಎಲ್ಲವನ್ನೂ ಅಳಿಸುತ್ತದೆ. ಒಬ್ಬರ ಐಪಾಡಿನಲ್ಲಿ ಅವರಮ್ಮ ಹಾಡಿದ ಸೋಬಾನೆ ಪದಗಳಿದ್ದವು, ಬೇರೆಲ್ಲೂ ಕಾಪಿ ಇರಲಿಲ್ಲ. ಯಾರೋ ರಿಸ್ಟೋರ್ ಒತ್ತಿದ ಮೇಲೆ ನನ್ನ ಹತ್ತಿರ ತಂದರು. ನನ್ನ ಕೈಲೂ ಏನೂ ಆಗಲಿಲ್ಲ.

ಮೊದಲು ಮೇಲಿನ ಹೋಲ್ಡ್ ಸ್ವಿಚ್ ನೋಡಿ. ಕಿತ್ತಳೆ ಬಣ್ಣ ಕಂಡರೆ ಲಾಕ್ ಆಗಿದೆ ಅಂತ ಅರ್ಥ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಸಿ. ಆಮೇಲೆ ಐಪಾಡನ್ನು ಮೇಜಿನ ಮೇಲಿಟ್ಟು, ಮೆನು ಮತ್ತು ನಡುವಿನ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಗುರುತು ಬರುವವರೆಗೂ ಬಿಡಬೇಡಿ. 6ರಿಂದ 10 ಸೆಕೆಂಡ್ ಬೇಕು. ಜಾಸ್ತಿ ಜನ ಮೂರಕ್ಕೇ ಕೈಬಿಟ್ಟು, ಆಗಲಿಲ್ಲ ಅಂತಾರೆ.

ಆಗಲೂ ಏಳಲಿಲ್ಲವಾ? ಅರ್ಧ ಗಂಟೆ ಚಾರ್ಜ್‌ಗೆ ಹಾಕಿ ಮತ್ತೆ ಒತ್ತಿ. ಸೇಬು ಬಂದು ಅಲ್ಲೇ ನಿಂತರೆ ಇನ್ನೊಮ್ಮೆ ರಿಸೆಟ್ ಮಾಡಿ. ಸೇಬು ಕಂಡ ಕೂಡಲೇ ನಡುವಿನ ಬಟನ್ ಜೊತೆ ಪ್ಲೇ ಬಟನ್ ಹಿಡಿಯಿರಿ. ಇದು ಡಿಸ್ಕ್ ಮೋಡ್, ಅಂದರೆ ಕಂಪ್ಯೂಟರಿಗೆ ಐಪಾಡ್ ಪೆನ್‌ಡ್ರೈವ್ ಹಾಗೆ ಕಾಣುತ್ತದೆ. ಈಗ ಕಂಪ್ಯೂಟರಿಗೆ ಜೋಡಿಸಿ. ಐಪಾಡಿಗೆ ಹಾಡು ಹಾಕುವ ಐಟ್ಯೂನ್ಸ್ ಪ್ರೋಗ್ರಾಂ ‘ಅಳಿಸಿ ಸಿಂಕ್ ಮಾಡಲಾ’ ಅಂತ ಕೇಳಿದರೆ ಬೇಡ ಅನ್ನಿ. ಹಿಡನ್ ಫೋಲ್ಡರ್‌ಗಳು ಕಾಣುವ ಹಾಗೆ ಮಾಡಿ, ‘ಐಪಾಡ್ ಕಂಟ್ರೋಲ್’ ಒಳಗಿನ ‘ಮ್ಯೂಸಿಕ್’ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಕೊಳ್ಳಿ. ಫೈಲಿನ ಹೆಸರು ನಾಲ್ಕು ಅಕ್ಷರದ ಕಲಸುಮೇಲೋಗರ. ಗಾಬರಿ ಬೇಡ. ಹಾಡಿನ ವಿವರ ಸಾಮಾನ್ಯವಾಗಿ ಫೈಲಿನೊಳಗೇ ಇರುತ್ತದೆ, ಪ್ಲೇಯರ್‌ನಲ್ಲಿ ಹಾಕಿದರೆ ಕಾಣುತ್ತದೆ. ಇಷ್ಟಾದ ಮೇಲೆ ಬೇಕಾದರೆ ರಿಸ್ಟೋರ್ ಮಾಡಿ.

ಒಳಗಿಂದ ಕಟ್ ಕಟ್ ಸದ್ದು ಬಂದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಕ್ಲಾಸಿಕ್‌ನಲ್ಲಿರುವುದು 1.8 ಇಂಚಿನ ಹಾರ್ಡ್ ಡಿಸ್ಕ್. ಅದು ಹೋಗುತ್ತಿರುವ ಲಕ್ಷಣ ಅದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾಡು ಉಳಿಯುವ ಆಸೆ ಕಮ್ಮಿ. ಆಫ್ ಮಾಡಿ, ಡೇಟಾ ತೆಗೆಯುವವರಿಗೆ ಕೊಡಿ.

ಹ್ಯಾಂಗ್ ಆಯ್ತು ಅಂದ ಮಾತ್ರಕ್ಕೆ ಯಂತ್ರ ಸತ್ತಿತು ಅಂದುಕೊಳ್ಳಬೇಡಿ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 30 ಜಿಬಿ ‘ಝೂನ್’ (Zune) ಮ್ಯೂಸಿಕ್ ಪ್ಲೇಯರ್‌ಗಳು ಒಟ್ಟಿಗೇ ನಿಂತುಹೋದವು. ಅಧಿಕ ವರ್ಷದ 366ನೇ ದಿನವನ್ನು ಅದರ ಪ್ರೋಗ್ರಾಂ ಸರಿಯಾಗಿ ಎಣಿಸಿರಲಿಲ್ಲ. ಬ್ಯಾಟರಿ ಪೂರ್ತಿ ಇಳಿಸಿ, ಮರುದಿನ ಚಾರ್ಜ್ ಮಾಡಿದರೆ ಸಾಕಾಗಿತ್ತು.

ಪ್ರಶ್ನೆ: ಪ್ರತಿ ಸಲ ಒಂದೇ ಹಾಡಿಗೆ ನಿಲ್ಲುತ್ತದೆ.

ಉತ್ತರ: ಆ ಫೈಲ್ ಕೆಟ್ಟಿರಬೇಕು, ತೆಗೆದು ನೋಡಿ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟರೆ, ಇಲ್ಲವೇ ಅಂಗೈಗೆ ಬಡಿದರೆ ಸರಿಹೋಗುತ್ತಂತೆ?

ಉತ್ತರ: ಫ್ರಿಜ್‌ನಿಂದ ತೆಗೆದರೆ ತೇವ ಕೂರುತ್ತದೆ, ಬಡಿದರೆ ಡಿಸ್ಕ್ ಹಾಳಾಗುತ್ತದೆ. ಇದನ್ನು ರಿಪೇರಿ ಅಂತ ಹೇಳಿಕೊಡುವವರ ಕೈಗೆ ನಿಮ್ಮ ಐಪಾಡ್ ಕೊಡಬೇಡಿ.

ಪ್ರಶ್ನೆ: ನನ್ನ ಐಪಾಡ್ ನ್ಯಾನೋ (ಚಿಕ್ಕ ಐಪಾಡ್) ಬೆನ್ನು ಉಬ್ಬಿದೆ. ಚಾರ್ಜ್ ಮಾಡಲಾ?

ಉತ್ತರ: ಖಂಡಿತ ಬೇಡ. ಉಬ್ಬಿರುವುದು ಬ್ಯಾಟರಿ, ಬೆಂಕಿ ಹತ್ತಬಹುದು. ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಇವತ್ತೇ ಬ್ಯಾಟರಿ ತೆಗೆಯಲು ಗೊತ್ತಿರುವವರಿಗೆ ಒಪ್ಪಿಸಿ.