ಬ್ಯಾಕಪ್ ಇದೆ, ಎರಡನೇ ಕಾಪಿ ಮಾಡೋಕೆ ಭಯ

ಪ್ರಶ್ನೆ: ಸಾರ್, ನಮ್ದು ಕಾಫಿ, ಕರಿಮೆಣಸು ಖರೀದಿ ಅಂಗಡಿ. ಲೆಕ್ಕ ಎಲ್ಲಾ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ, ದಿನಾ ರಾತ್ರಿ ಅದ್ರದ್ದೇ ಮೈಎಸ್‌ಕ್ಯೂಎಲ್‌ಡಂಪ್ ಅನ್ನೋ ಟೂಲ್‌ನಲ್ಲಿ ಬ್ಯಾಕಪ್ ಆಗುತ್ತೆ. ಹೊಸ ರಿಪೋರ್ಟ್ ಟೆಸ್ಟ್ ಮಾಡೋಕೆ ಅದ್ರಿಂದ್ಲೇ ಇನ್ನೊಂದು ಡೇಟಾಬೇಸ್ ಮಾಡ್ಕೊಬೋದಾ? ಅಸಲಿಗೆ ಏನಾದ್ರೂ ಆದ್ರೆ ಅಪ್ಪ ಬಿಡಲ್ಲ.
– ಓದುಗ, ಸಿದ್ದಾಪುರ

ಉತ್ತರ: ಮಾಡ್ಬೋದು, ಆದ್ರೆ ಮೊದ್ಲು ಆ ಫೈಲ್ ತೆಗೆದು ಮೇಲಿನ ಸಾಲುಗಳನ್ನ ಓದಿ. ಡಂಪ್ ಅಂದ್ರೆ ಬರೀ ಟೆಕ್ಸ್ಟ್ ಫೈಲು, ಟೇಬಲ್ ಕಟ್ಟೋ, ಡೇಟಾ ತುಂಬೋ ಆರ್ಡರ್‌ಗಳು ಅಷ್ಟೇ. ಅದ್ರಲ್ಲಿ ‘ಯೂಸ್’ ಅಂತ ಶುರುವಾಗಿ ನಿಮ್ಮ ಹಳೇ ಡೇಟಾಬೇಸ್ ಹೆಸ್ರಿದ್ರೆ ಹುಷಾರು! ನೀವು ಹೊಸ ಹೆಸ್ರು ಕೊಟ್ರೂ ಅದು ಹಳೇದ್ರೊಳಗೇ ನುಗ್ಗುತ್ತೆ, ಟೇಬಲ್ ಅಳಿಸೋ ‘ಡ್ರಾಪ್ ಟೇಬಲ್’ ಆರ್ಡರ್ ಬೇರೆ ಇರುತ್ತಲ್ಲ, ಇವತ್ತು ಬೆಳಿಗ್ಗೆ ತೂಕ ಹಾಕಿ ಬರ್ದ ಮೂಟೆ ಲೆಕ್ಕ ಎಲ್ಲಾ ಅಳಿಸಿ ನಿನ್ನೆ ರಾತ್ರಿದು ಬಂದು ಕೂರುತ್ತೆ. ಡಂಪ್ ತೆಗಿಯೋವಾಗ ‘ಡೇಟಾಬೇಸಸ್’ ಆಪ್ಷನ್ ಹಾಕಿದ್ರೆ ಈ ಸಾಲು ಬರುತ್ತೆ. ಅದಿಲ್ದೆ ಬರೀ ಹೆಸ್ರು ಕೊಟ್ಟು ತೆಗೀರಿ, ಆಮೇಲೆ ಹೊಸ ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ಸುರೀರಿ. ನನ್ ಕೇಳಿದ್ರೆ ಬೇರೆ ಕಂಪ್ಯೂಟರ್‌ನಲ್ಲೇ ಮಾಡೋದು ವಾಸಿ, ಅಪ್ಪನ ಕೈಗೆ ಸಿಗಲ್ಲ.

ಟ್ರಿಗರ್ (ಡೇಟಾ ಬದಲಾದಾಗ ತಾನೇ ಓಡೋ ಆರ್ಡರ್) ಡಂಪ್‌ಗೆ ತಾನಾಗೇ ಬರುತ್ತೆ, ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನೊಳಗೇ ಬರೆದಿಟ್ಟ ಪ್ರೋಗ್ರಾಮ್) ಬರಲ್ಲ, ಅದಕ್ಕೆ ‘ರೊಟೀನ್ಸ್’ ಅಂತ ಆಪ್ಷನ್ ಹಾಕ್ಬೇಕು. ಟೇಬಲ್‌ಗಳು ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್ ಇಡೋ ಒಂದು ಬಗೆ) ಆಗಿದ್ರೆ ‘ಸಿಂಗಲ್ ಟ್ರಾನ್ಸಾಕ್ಷನ್’ ಕೂಡ ಹಾಕಿ, ಬಿಲ್ ಹೊಡೀತಿದ್ರೂ ಲೆಕ್ಕ ಹೊಂದುತ್ತೆ.

ಇನ್ನೊಂದು, ಕಕ್ಕಡದ ಮಳೇಲಿ ಕರೆಂಟ್ ಕತೆ ನಿಮ್ಗೇ ಗೊತ್ತು. ಫೈಲ್‌ನ ಕೊನೇ ಸಾಲಲ್ಲಿ ‘ಡಂಪ್ ಕಂಪ್ಲೀಟೆಡ್’ ಅಂತ ಇಲ್ವಾ, ಬ್ಯಾಕಪ್ ಅರ್ಧಕ್ಕೇ ನಿಂತಿರ್ಬೋದು, ಅದನ್ನ ನಂಬ್ಬೇಡಿ, ಹಿಂದಿನ ದಿನದ್ದು ತಗೊಳ್ಳಿ.