ಓದುಗರ ಪ್ರಶ್ನೆ: ನಾಯಕರೆಲ್ಲ ಒಂದೇ ಮನೆಯವರೇ?

ಈ ಸಲದ ಪತ್ರಗಳಲ್ಲಿ ಅಡ್ಡಹೆಸರಿನ ಪ್ರಶ್ನೆಗಳೇ ಹೆಚ್ಚು. ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ದುರ್ಗದ ಮದಕರಿ ನಾಯಕ, ಕೆಳದಿಯ ಶಿವಪ್ಪ ನಾಯಕ, ಮಧುರೆಯ ತಿರುಮಲ ನಾಯಕ ಒಂದೇ ವಂಶದವರೇ? ನಮ್ಮ ಕ್ಲಾಸಿನಲ್ಲೂ ನಾಲ್ವರು ನಾಯಕ್ ಇದ್ದೇವೆ. 'ಎಲ್ಲ ನೆಂಟರೇನಪ್ಪಾ' ಎಂದು ಕೇಳುತ್ತಾರೆ.
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಮೂವರದೂ ಬೇರೆ ಬೇರೆ ವಂಶ. 'ನಾಯಕ' ಮೊದಲಿಗೆ ಹೆಸರಾಗಿರಲಿಲ್ಲ, ಪದವಿಯಾಗಿತ್ತು. ಇಷ್ಟು ದಂಡು ಸಾಕಬೇಕು, ಕರೆದಾಗ ಬರಬೇಕು ಎಂಬ ಹೊಣೆಯ ಮೇಲೆ ವಿಜಯನಗರದ ಅರಸರು ಸೀಮೆಗಳನ್ನು ಬಿಟ್ಟುಕೊಡುತ್ತಿದ್ದರು. ಪಡೆದವನು ಅಮರನಾಯಕ. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಈ ನಾಯಕರು ಒಬ್ಬೊಬ್ಬರಾಗಿ ತಾವೇ ದೊರೆಗಳಾದರು, ಪದವಿ ಹೆಸರಿನ ಬಾಲವಾಗಿ ಉಳಿಯಿತು. ಮತ್ತಿ ತಿಮ್ಮಣ್ಣ ನಾಯಕನಿಂದ ಬಂದ ದುರ್ಗದವರು ಬೇಡರು, ಕೆಳದಿಯವರು ವೀರಶೈವರು, ಮಧುರೆಯವರು ತೆಲುಗು ಮೂಲದವರು. ನೆಂಟಸ್ತನದ ಮಾತು ಹಾಗಿರಲಿ, ದುರ್ಗಕ್ಕೂ ಬಿದನೂರಿನಿಂದ ಆಳುತ್ತಿದ್ದ ಕೆಳದಿಯವರಿಗೂ ಹಗೆಯೇ ಇತ್ತು. ಹಿರೇ ಮದಕರಿ ನಾಯಕ ಬಿದ್ದದ್ದು ಬಿದನೂರಿನ ಕಡೆಯವರೊಡನೆ ನಡೆದ 1748ರ ಮಾಯಕೊಂಡ ಯುದ್ಧದಲ್ಲಿ. ಆ ಮಾಯಕೊಂಡ ಈಗ ದಾವಣಗೆರೆ ಜಿಲ್ಲೆಯಲ್ಲಿದೆ.

ಇನ್ನೊಂದು ಮಾತು. ಬರೀ 'ಮದಕರಿ ನಾಯಕ' ಎಂದು ಬರೆದರೆ ಯಾವ ಮದಕರಿ ಎಂದು ತಿಳಿಯುವುದಿಲ್ಲ, ಆ ಹೆಸರಿನವರು ದುರ್ಗದ ಗದ್ದುಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಹೈದರಾಲಿ 1779ರಲ್ಲಿ ಕೋಟೆ ಹಿಡಿದಾಗ ಇದ್ದವನು ಕೊನೆಯವನು. ಭಾಷಣಕ್ಕೋ ಬ್ಯಾನರಿಗೋ ಹೆಸರು ಬರೆಯುವಾಗ ಇಸವಿಯನ್ನೂ ಸೇರಿಸಿ.

ಇವತ್ತಿನ ನಾಯಕರ ವಿಷಯಕ್ಕೆ ಬಂದರೆ, ನಿಮ್ಮ ಕ್ಲಾಸಿನ ನಾಲ್ವರೂ ನಾಲ್ಕು ಕಡೆಯವರಾಗಿರಬಹುದು. ವಾಲ್ಮೀಕಿ ನಾಯಕರು ಒಬ್ಬರು. ಲಂಬಾಣಿ ತಾಂಡಾದಲ್ಲಿ ನ್ಯಾಯ ಹೇಳುವ ಹಿರಿಯನೂ ನಾಯ್ಕನೇ, ಅವನ ಜೊತೆಗೆ ಕಾರಭಾರಿ ಇರುತ್ತಾನೆ. ಹಾಗೆ ಬಂದದ್ದು 'ನಾಯ್ಕ್'. ಅಂಕೋಲೆ ಕಡೆಯ ನಾಡವ ಸಮುದಾಯದಲ್ಲೂ ಕೊಂಕಣಿ ಮಾತಾಡುವ ಗೌಡ ಸಾರಸ್ವತರಲ್ಲೂ ನಾಯಕ್ ಇದ್ದಾರೆ. ಇದು ಕಾಗದಪತ್ರದಲ್ಲಿ ತೊಂದರೆ ಕೊಡುತ್ತದೆ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ, ಲಂಬಾಣಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದೆ, ಗೌಡ ಸಾರಸ್ವತರು ಎರಡರಲ್ಲೂ ಇಲ್ಲ. ನಾಡಕಚೇರಿಯಲ್ಲಿ ಅರ್ಜಿ ತುಂಬುವವರು ಸರ್‌ನೇಮ್ ನೋಡಿ ಜಾತಿಯ ಕಾಲಂ ಆರಿಸಿಬಿಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ, ಇಲ್ಲವೇ ತಪ್ಪು ಪ್ರಮಾಣಪತ್ರ ಕೈಸೇರಿ ಮುಂದೆ ಸಿಂಧುತ್ವ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ. ತಂದೆಯ ಶಾಲಾ ದಾಖಲೆಯಲ್ಲಿ ಜಾತಿ ಹೇಗೆ ಬರೆದಿದೆಯೋ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತು ತುಂಬಿಸಿ.

'ದುರ್ಗಾಸ್ತಮಾನ'ದ ಮದಕರಿ ನಿಜವಾದ ಮದಕರಿಯೇ? ಓಬವ್ವನ ಗಂಡನ ಹೆಸರಿನ 'ಕಹಳೆ' ಮನೆತನದ ಹೆಸರೇ?
– ಓದುಗರು, ಹೊಳಲ್ಕೆರೆ

ವ್ಯಕ್ತಿ ನಿಜ, ಯುದ್ಧ ನಿಜ. ಅವನ ಒಳಗುದಿ, ಏಕಾಂತದ ಮಾತುಗಳು ಕಾದಂಬರಿಕಾರ ತ.ರಾ.ಸು. ಕಟ್ಟಿದವು. ಕಾದಂಬರಿಯ ಮಾತನ್ನು ಇತಿಹಾಸದ ಉತ್ತರಪತ್ರಿಕೆಯಲ್ಲಿ ಆಧಾರವಾಗಿ ಬರೆಯಬೇಡಿ. ಇನ್ನು ಕಹಳೆ ಮುದ್ದಹನುಮನ 'ಕಹಳೆ' ಅವನ ಕೆಲಸ. ಕೋಟೆಯಲ್ಲಿ ಕಹಳೆ ಊದುವವನು.

ಬೆಳಗೆರೆ, ತಳುಕು, ಸಿದ್ಧವನಹಳ್ಳಿ ಎಂದು ಹೆಸರಿನ ಮುಂದೆ ಇರುವವರೆಲ್ಲ ಬಳಗದವರೇ?
– ಓದುಗರು, ಚಳ್ಳಕೆರೆ

ಊರೊಂದೇ ಆಗಿರುತ್ತದೆ, ಮನೆ ಒಂದೇ ಆಗಿರಬೇಕೆಂದಿಲ್ಲ. ನಿಮ್ಮ ತಾಲ್ಲೂಕಿನ ತಳುಕನ್ನೇ ನೋಡಿ: ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಟಿ.ಎಸ್. ವೆಂಕಣ್ಣಯ್ಯ ಎಂದರೆ ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯ. ಇವರಿಬ್ಬರೂ ಒಂದೇ ಮನೆತನದವರು ನಿಜ. ಆದರೆ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ 'ಎಸ್' ಕೂಡ ಸಿದ್ಧವನಹಳ್ಳಿ, ಗಾಂಧಿ ಸಾಹಿತ್ಯವನ್ನು ಕನ್ನಡಕ್ಕೆ ತಂದ ಕೃಷ್ಣಶರ್ಮರೂ ಸಿದ್ಧವನಹಳ್ಳಿಯವರೇ. ಇಬ್ಬರಿಗೂ ರಕ್ತಸಂಬಂಧವಿಲ್ಲ. ಊರಿನ ಹೆಸರು ಕಂಡರೆ ನಂಟು ಕೇಳುವ ಮೊದಲು ತಂದೆಯ ಹೆಸರು ಕೇಳಿ. ಬೆಳಗೆರೆಯದೂ ಇದೇ ನ್ಯಾಯ.

ಬೆಳಗೆರೆ, ದಾವಣಗೆರೆ ಎರಡರಲ್ಲೂ ಇರುವುದು 'ಕೆರೆ'ಯೇ. ಸಮಾಸದಲ್ಲಿ ಕಕಾರಕ್ಕೆ ಗಕಾರ ಬಂದಿದೆ, ಆದೇಶ ಸಂಧಿ. ಚಳ್ಳಕೆರೆಯಲ್ಲಿ ಕಕಾರ ಹಾಗೇ ಉಳಿದಿದೆ.

ಗ್ರಂಥಾಲಯದಲ್ಲಿ ಹುಡುಕುವವರು ಗಮನಿಸಿ: ಕೆಲವು ಪಟ್ಟಿಗಳಲ್ಲಿ 'ಸುಬ್ಬರಾವ್, ತ.ರಾ.' ಎಂದೂ ಕೆಲವದರಲ್ಲಿ 'ತ.ರಾ.ಸು.' ಎಂದೂ ಇರುತ್ತದೆ. ಒಂದರಲ್ಲಿ ಸಿಗದಿದ್ದರೆ ಪುಸ್ತಕ ಇಲ್ಲವೆಂದು ವಾಪಸಾಗಬೇಡಿ, 'ಸ'ದಲ್ಲೂ 'ತ'ದಲ್ಲೂ ನೋಡಿ.

ಮಗಳ ಮಾರ್ಕ್ಸ್‌ ಕಾರ್ಡಿನಲ್ಲಿ ಹೆಸರು, ಎರಡು ಇನಿಷಿಯಲ್ ಅಷ್ಟೇ. ದುಬೈಗೆ ಹೋಗಬೇಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಏನು ಬರೆಸಲಿ?
– ಗೃಹಿಣಿ, ದಾವಣಗೆರೆ

ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ. ಗಿವನ್ ನೇಮ್, ಸರ್‌ನೇಮ್ ಎರಡೂ ತುಂಬಿರಬೇಕು. ಇನಿಷಿಯಲ್‌ಗಳನ್ನು ಬಿಡಿಸಿ ಬರೆಸಿ: ಒಂದು ಊರು, ಒಂದು ತಂದೆಯ ಹೆಸರು ಆಗಿದ್ದರೆ ಎರಡರಲ್ಲಿ ಯಾವುದು ಸರ್‌ನೇಮ್ ಎಂದು ಮನೆಯಲ್ಲೇ ತೀರ್ಮಾನಿಸಿ, ಮಕ್ಕಳೆಲ್ಲರಿಗೂ ಅದನ್ನೇ ಇಡಿ. ತಂದೆಯ ಹೆಸರನ್ನೇ ಸರ್‌ನೇಮ್ ಮಾಡಿದರೆ ತಂದೆಯದೊಂದು, ಮಗಳದೊಂದು ಆಗುತ್ತದೆ ಎಂಬುದನ್ನೂ ಯೋಚಿಸಿ. ಊರಿನ ಹೆಸರಾದರೆ ಇಡೀ ಮನೆಗೆ ಒಂದೇ ಇರುತ್ತದೆ, ನಮ್ಮ ಸಲಹೆ ಅದೇ.

ಮೊದಲು ಆಧಾರ್ ಸರಿಮಾಡಿಸಿ. ಅಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಕಾಗದದ ಮೇಲೆ ಬರೆದು ಒಯ್ಯಿರಿ. 'ನಾಯಕ್' ಒಂದನ್ನೇ ಮೂರು ಬಗೆಯಲ್ಲಿ ಬರೆಯುತ್ತಾರೆ; ಆಪರೇಟರ್ ಕೇಳಿದ್ದನ್ನು ಕೇಳಿದ ಹಾಗೆ ಹೊಡೆಯುತ್ತಾರೆ. ಮುದ್ರಿಸಿದ ರಸೀದಿಯನ್ನು ಅಕ್ಷರ ಅಕ್ಷರ ಓದಿ ಆಮೇಲೆ ಎದ್ದು ಬನ್ನಿ. ನಂತರ ಪ್ಯಾನ್, ಅದರ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದೇ ಇಲ್ಲ. ಹಳೇ ಪ್ಯಾನ್ ಕಾರ್ಡ್ ಇದ್ದರೆ ಐದನೇ ಅಕ್ಷರ ನೋಡಿ, ಅದು ಕಾರ್ಡ್ ಕೊಟ್ಟಾಗ ದಾಖಲಾದ ಸರ್‌ನೇಮಿನ ಮೊದಲ ಅಕ್ಷರ. ಆಗ ಇಲಾಖೆ ಯಾವುದನ್ನು ಸರ್‌ನೇಮ್ ಎಂದುಕೊಂಡಿತ್ತು ಎಂದು ಅದರಿಂದಲೇ ಗೊತ್ತಾಗುತ್ತದೆ. ಹೆಸರು ತಿದ್ದಿಸಿದರೂ ಸಂಖ್ಯೆ ಬದಲಾಗುವುದಿಲ್ಲ, ಗಾಬರಿಯಾಗಬೇಡಿ. ಎರಡೂ ಒಂದೇ ಆದ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ.

ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆಯೇ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಬಿಡಿಸಿ ಬರೆಸಿಬಿಡಿ. ಮಾರ್ಕ್ಸ್‌ ಕಾರ್ಡ್ ಅಚ್ಚಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆಯ ಅಲೆದಾಟ.