ಎರಡನೇ ಭಾಗದಲ್ಲಿ ಮಂತ್ರದ ಬೆಲೆ ಎಲ್ಲಿ ಹೋಯಿತು?

ನಮಸ್ಕಾರ.

ನಿಮ್ಮ ಕಾದಂಬರಿಯ ಎರಡನೇ ಭಾಗವನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗದು. ತಿದ್ದಿದರೆ ಖಂಡಿತ ಆಗುತ್ತದೆ.

ಮೊದಲ ಭಾಗದಲ್ಲಿ ನೀವೇ ಒಂದು ಕಟ್ಟಳೆ ಹಾಕಿದ್ದಿರಿ: ಕೆರೆಯ ನೀರು ಹಂಚುವ ನೀರುಗಂಟಿಯ ಮಗಳು ನೀಲಿ ಮಂತ್ರ ಹೇಳಿ ಕೆರೆಯ ತೂಬು, ಅಂದರೆ ನೀರು ಬಿಡುವ ಬಾಗಿಲು, ತೆಗೆದಾಗಲೆಲ್ಲ ಅವಳದೊಂದು ನೆನಪು ಅಳಿಸಿಹೋಗುತ್ತದೆ. ಅಮ್ಮನ ಜೋಗುಳ ಅವಳ ಬಾಯಿಂದ ಜಾರಿಹೋದ ಆ ಅಧ್ಯಾಯ ನಿಜಕ್ಕೂ ಎದೆಗೆ ತಾಕುತ್ತದೆ. ಎರಡನೇ ಭಾಗದ ಹನ್ನೊಂದನೇ ಅಧ್ಯಾಯದಲ್ಲಿ ಅವಳು ಒಂದೇ ರಾತ್ರಿ ಏಳು ತೂಬು ತೆಗೆಯುತ್ತಾಳೆ, ಬೆಳಗ್ಗೆ ಎದ್ದು ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾಳೆ. ‘ಶಕ್ತಿ ಬೆಳೆದಿತ್ತು’ ಎಂಬ ಒಂದೇ ಸಾಲಿಗೆ ಕಟ್ಟಳೆ ಬಿದ್ದುಹೋಯಿತು. ಆಮೇಲೆ ಬರುವ ಯಾವ ಕಾಳಗದಲ್ಲೂ ಅವಳು ಕಳೆದುಕೊಳ್ಳುವುದು ಏನೂ ಇಲ್ಲ. ಆದ್ದರಿಂದ ಓದುಗರಿಗೆ ಆತಂಕವೂ ಇಲ್ಲ.

ಪ್ರೀತಿಯ ಭಾಗ ಸೊರಗಿದ್ದೂ ಇದೇ ಕಾರಣಕ್ಕೆ. ಪಾಳೇಗಾರನ ಮಗ ರುದ್ರ ಮತ್ತು ನೀಲಿ ಒಂಬತ್ತು ಸಲ ಸಂಧಿಸುತ್ತಾರೆ. ಒಂಬತ್ತು ಸಲವೂ ಜಗಳ, ಮಳೆ, ಅಗಲಿಕೆ. ಅವಳು ಕಳೆದುಕೊಳ್ಳುವ ನೆನಪು ರುದ್ರನದೇ ಆಗಲಿ. ಆಗ ‘ನೀನು ನನಗೆ ಮಾತು ಕೊಟ್ಟಿದ್ದೆ’ ಎಂದು ಅವನು ಹೇಳಿದರೆ ಅದು ನಿಜವೋ ಸುಳ್ಳೋ ಅವಳಿಗೆ ತಿಳಿಯದು. ಮರೆತವಳಿಗೆ ಹಿಂದಿನದನ್ನು ಹೇಳಿಕೊಡುವವನ ಕೈಯಲ್ಲಿ ಎಂಥ ಅಧಿಕಾರವಿರುತ್ತದೆ, ಯೋಚಿಸಿ. ಅದನ್ನು ಅವನು ಬಳಸಿಕೊಳ್ಳುತ್ತಾನೋ ಇಲ್ಲವೋ ಎಂಬುದೇ ನಿಮ್ಮ ಕತೆ. ಪಾಳೇಗಾರನ ಚಾವಡಿಯ ನಾಲ್ಕು ಅಧ್ಯಾಯಗಳ ಭಾಷಣ ಆಗ ಬೇಕಾಗುವುದಿಲ್ಲ.

ತಿದ್ದುವ ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆದುಕೊಳ್ಳಿ: ಯಾವ ಮಂತ್ರ, ಯಾವ ನೆನಪು ಹೋಯಿತು, ಅದು ಹೋದದ್ದು ಯಾರಿಗೆ ಗೊತ್ತು, ಅದರ ಕೊರತೆ ಯಾವ ಪುಟದಲ್ಲಿ ಕಾಣುತ್ತದೆ. ಏಳು ತೂಬು ಬೇಡ, ಮೂರು ಸಾಕು. ಮೊದಲನೆಯದು ಸಣ್ಣ ನಷ್ಟ, ಎರಡನೆಯದು ನೋವು, ಮೂರನೆಯದು ಸರಿಪಡಿಸಲಾಗದ್ದು. ಹೋಗಲಿರುವ ನೆನಪು ಅದಕ್ಕೂ ಮೊದಲು ಎರಡು ಸಲವಾದರೂ ಪುಟದ ಮೇಲೆ ಬಂದಿರಬೇಕು. ಓದುಗರಿಗೆ ಗೊತ್ತೇ ಇಲ್ಲದ ನೆನಪು ಅಳಿದರೆ ಯಾರಿಗೂ ನೋಯುವುದಿಲ್ಲ.

ಆರನೇ ಅಧ್ಯಾಯದಲ್ಲಿ ರುದ್ರ ಅವಳನ್ನು ‘ಕಾಪಾಡಲು’ ಕೋಣೆಯಲ್ಲಿ ಕೂಡಿಹಾಕುತ್ತಾನೆ, ಮುಂದಿನ ಪುಟದಲ್ಲಿ ಅವಳು ನಾಚಿ ನಗುತ್ತಾಳೆ. ಇದನ್ನು ಓದುವವರು ಹದಿನಾಲ್ಕು–ಹದಿನೈದರ ಮಕ್ಕಳು. ಅವನು ಹಾಗೆ ಮಾಡಬಹುದು, ಆದರೆ ಕತೆ ಅದನ್ನು ಪ್ರೀತಿಯೆಂದು ಒಪ್ಪಬಾರದು.

ಇನ್ನು ಊರಿನ ವಿಚಾರ. ನಿಮ್ಮ ಕತೆ ನಡೆಯುವುದು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ ಮೇಲಿನ ಒಂದೆರಡು ದಶಕಗಳಲ್ಲಿ. ಆಗ ಸ್ಯಾಂಕಿ ಕೆರೆ ಇರಲಿಲ್ಲ, ಅದು 1882ರದು. ಲಾಲ್‌ಬಾಗಿನ ಬಂಡೆ ಇತ್ತು, ತೋಟ ಇರಲಿಲ್ಲ. ತೋಟ ಹೈದರಾಲಿಯ ಕಾಲದ್ದು. ಊಟದ ಎಲೆಯಿಂದ ಆಲೂಗಡ್ಡೆ ಪಲ್ಯವನ್ನೂ ತೆಗೆಯಿರಿ, ಆಲೂಗಡ್ಡೆ ಆಗಿನ್ನೂ ಇಲ್ಲಿಗೆ ಬಂದಿರಲಿಲ್ಲ. ನೀಲಿ ‘ಕೋಡಿ ತೆರೆದಳು’ ಎಂದು ಮೂರು ಕಡೆ ಇದೆ. ತೆರೆಯುವುದು ತೂಬನ್ನು. ಕೋಡಿ ಎಂದರೆ ಹೆಚ್ಚಾದ ನೀರು ಹೊರಹೋಗುವ ಜಾಗ, ಕೆರೆ ತುಂಬಿದಾಗ ಅದು ತಾನಾಗಿ ಹರಿಯುತ್ತದೆ.

ದೊಡ್ಡ ತಪ್ಪು ಪ್ರವಾಹದ ದಾರಿಯಲ್ಲಿದೆ. ಕೆಂಪಾಂಬುಧಿ ಕೆರೆಯಿಂದ ಬಿಟ್ಟ ನೀರು ಬೆಳ್ಳಂದೂರು ಕೆರೆಗೆ ನುಗ್ಗುವುದಿಲ್ಲ, ನಡುವೆ ದಿಣ್ಣೆಯಿದೆ. ಕೆಂಪಾಂಬುಧಿಯ ನೀರು ವೃಷಭಾವತಿ ಸೇರಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಹಲಸೂರು ಕೆರೆಯ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ನದಿಯತ್ತ. ಇದನ್ನು ಅಡ್ಡಿಯೆಂದುಕೊಳ್ಳಬೇಡಿ. ಪಾಳೇಗಾರನ ಕೆರೆಗಳು ದಿಣ್ಣೆಯ ಪಡುವಣಕ್ಕೆ, ನೀಲಿಯವು ಮೂಡಣಕ್ಕೆ ಇದ್ದರೆ ಮಂತ್ರವೂ ದಿಣ್ಣೆ ದಾಟಲಾರದು. ಆ ಕಡೆಯ ತೂಬು ತೆಗೆಯಬೇಕಾದರೆ ಅವಳು ರುದ್ರನನ್ನು ನಂಬಲೇಬೇಕು.

ಗಾತ್ರ: 95,000 ಪದ ಎಂದರೆ ಡೆಮಿ 1/8 ಅಳತೆಯ ಪುಸ್ತಕದಲ್ಲಿ ನಾನೂರು ಪುಟ ದಾಟುತ್ತದೆ. 70,000ಕ್ಕೆ ಇಳಿಸಿ. ಮೊದಲ ನಲವತ್ತು ಪುಟಗಳಲ್ಲಿ ಹಿಂದಿನ ಕತೆಯನ್ನೇ ಹೇಳಿದ್ದೀರಿ, ಅಷ್ಟೂ ಹೋಗಲಿ. ಮೂರನೇ ಅಧ್ಯಾಯದಲ್ಲಿ ನೀಲಿ ಅಜ್ಜಿಯ ಮನೆಯ ದಾರಿ ತಪ್ಪುವಲ್ಲಿಂದ ಶುರುಮಾಡಿ. ಮೊದಲ ಭಾಗ ಓದದವರಿಗೂ ಅವಳಿಗೆ ಏನಾಗಿದೆಯೆಂದು ಆ ಒಂದು ದೃಶ್ಯವೇ ತಿಳಿಸುತ್ತದೆ.

ಇಡೀ ಪುಸ್ತಕ ಈಗಲೇ ತಿದ್ದಬೇಡಿ. ಗೆರೆ ಎಳೆದ ಆ ಹಾಳೆ, ಹೊಸದಾಗಿ ಬರೆದ ಹನ್ನೊಂದನೇ ಅಧ್ಯಾಯ, ಇವೆರಡನ್ನು ಮೊದಲು ಕಳಿಸಿ.